ಬ್ರೇಕಿನಲ್ಲಿ ಉಳಿಯುವ ಕರೆಂಟು: ಜಪಾನಿನ 201 ಸರಣಿ ರೈಲು ತಿಳಿಸಿಕೊಟ್ಟ ಲೆಕ್ಕ

ಹತ್ತು ಬೋಗಿಯ ಒಂದು ಲೋಕಲ್ ರೈಲು, ಜನ ಸೇರಿ ಸುಮಾರು 400 ಟನ್ ತೂಕ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಬಂದು ನಿಲ್ದಾಣದಲ್ಲಿ ನಿಲ್ಲುತ್ತದೆ. ಓಡುವಾಗ ಅದರಲ್ಲಿದ್ದ ಚಲನಶಕ್ತಿ 125 ಮೆಗಾಜೂಲ್, ಕರೆಂಟಿನ ಲೆಕ್ಕದಲ್ಲಿ ಹತ್ತಿರಹತ್ತಿರ 35 ಯೂನಿಟ್. ನಿಂತ ಮೇಲೆ ಅದು ಸೊನ್ನೆ. ಹಾಗಾದರೆ ಆ 35 ಯೂನಿಟ್ ಎಲ್ಲಿ ಹೋಯಿತು? ಹಳೆಯ ರೈಲುಗಳಲ್ಲಿ ಅಷ್ಟೂ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು. ಪ್ರತಿ ನಿಲ್ದಾಣದಲ್ಲೂ, ಪ್ರತಿ ರೈಲಿನಲ್ಲೂ, ಬೆಳಗಿನಿಂದ ನಡುರಾತ್ರಿವರೆಗೆ.

ಜಪಾನ್ ರಾಷ್ಟ್ರೀಯ ರೈಲ್ವೆ, ಅಲ್ಲಿನವರ ಬಾಯಲ್ಲಿ ‘ಕೊಕುತೆತ್ಸು’, ಈ ನಷ್ಟವನ್ನು ತಡೆಯಲೆಂದು ಕಟ್ಟಿಸಿದ ರೈಲೇ 201 ಸರಣಿ. 1979ರಲ್ಲಿ ಮಾದರಿ ರೈಲು ಬಂತು, 1981ರಲ್ಲಿ ಟೋಕಿಯೊದ ಚೂಓ ಮಾರ್ಗದಲ್ಲಿ ಪೂರ್ಣ ಪ್ರಮಾಣದ ಓಡಾಟ ಶುರುವಾಯಿತು. 1985ರ ಹೊತ್ತಿಗೆ 1018 ಬೋಗಿ ತಯಾರಾಗಿ, ತಯಾರಿಕೆ ಅಲ್ಲಿಗೇ ನಿಂತಿತು. ಅದಕ್ಕಿಂತ ಹಿಂದಿನ 103 ಸರಣಿಯಲ್ಲಿ 3447 ಬೋಗಿ ಕಟ್ಟಿದ್ದರು. ಒಳ್ಳೆಯ ಉದ್ದೇಶದ, ಚೆನ್ನಾಗಿಯೇ ಓಡಿದ ರೈಲು ಅಷ್ಟು ಬೇಗ ಯಾಕೆ ನಿಂತಿತು ಅನ್ನುವುದಕ್ಕೆ ಉತ್ತರ ಅದರ ಅಡಿಯಲ್ಲಿ ನೇತುಬಿದ್ದಿದ್ದ ಪೆಟ್ಟಿಗೆಗಳಲ್ಲಿದೆ.

ಮೊದಲು ಹಳೆಯ ಪದ್ಧತಿ. ಟೋಕಿಯೊ ಸುತ್ತಮುತ್ತಲ ಈ ಮಾರ್ಗಗಳಲ್ಲಿ ಮೇಲಿನ ತಂತಿಯಲ್ಲಿರುವುದು 1500 ವೋಲ್ಟ್ ಡಿಸಿ. ಡಿಸಿ ಮೋಟಾರು ನಿಂತಿರುವಾಗ ಅಷ್ಟು ವೋಲ್ಟೇಜನ್ನು ನೇರವಾಗಿ ಕೊಟ್ಟರೆ ಸುಟ್ಟುಹೋಗುತ್ತದೆ. ಮೋಟಾರು ತಿರುಗತೊಡಗಿದ ಮೇಲೆ ತನ್ನೊಳಗೇ ಎದುರು ವೋಲ್ಟೇಜು ಹುಟ್ಟಿಸಿಕೊಂಡು ಕರೆಂಟನ್ನು ತಡೆಯುತ್ತದೆ. ನಿಂತಾಗ ಆ ತಡೆ ಇರುವುದಿಲ್ಲ. ಅದಕ್ಕೇ ಮೋಟಾರಿನ ಜೊತೆ ದೊಡ್ಡ ದೊಡ್ಡ ರೆಸಿಸ್ಟರುಗಳನ್ನು ಸೇರಿಸಿ, ವೇಗ ಏರಿದಂತೆ ಒಂದೊಂದಾಗಿ ಕಳಚುತ್ತಿದ್ದರು. ಮನೆಯ ಹಳೇ ಫ್ಯಾನ್ ರೆಗ್ಯುಲೇಟರ್ ನೆನಪಿಸಿಕೊಳ್ಳಿ: ಗೋಡೆಯ ಮೇಲಿನ ಆ ದಪ್ಪ ಡಬ್ಬಿ, ಫ್ಯಾನ್ ನಿಧಾನಕ್ಕಿಟ್ಟಷ್ಟೂ ಕೈಗೆ ಬಿಸಿ ತಾಗುತ್ತಿತ್ತು. ಫ್ಯಾನಿಗೆ ಬೇಡದ ಕರೆಂಟನ್ನು ಆ ಡಬ್ಬಿ ತಿನ್ನುತ್ತಿತ್ತು. 1957ರ ಡಿಸೆಂಬರಿನಲ್ಲಿ ಚೂಓ ಮಾರ್ಗಕ್ಕೆ ಬಂದ 101 ಸರಣಿ, 1963ರಲ್ಲಿ ಬಂದ 103 ಸರಣಿ, ಎರಡೂ ಇದೇ ಜಾತಿ. ಬ್ರೇಕು ಹಾಕುವಾಗಲೂ ಅಷ್ಟೇ: ಮೋಟಾರನ್ನು ಜನರೇಟರ್ ಮಾಡಿ, ಹುಟ್ಟಿದ ಕರೆಂಟನ್ನು ಅವೇ ರೆಸಿಸ್ಟರುಗಳಲ್ಲಿ ಸುಡುತ್ತಿದ್ದರು.

101 ಸರಣಿಯ ಅನುಭವ ಒಂದು ಪಾಠ ಕಲಿಸಿತ್ತು. ಹತ್ತಕ್ಕೆ ಹತ್ತೂ ಬೋಗಿಯಲ್ಲಿ ಮೋಟಾರಿಟ್ಟು ಚಿಗರೆಯಂತೆ ಓಡಿಸಬೇಕೆಂಬುದು ಮೂಲ ಯೋಜನೆ. ಆದರೆ ಇಂಥ ರೈಲುಗಳು ಒಟ್ಟಿಗೆ ಹೊರಟರೆ ಸಬ್‌ಸ್ಟೇಷನ್ನುಗಳು ಅಷ್ಟು ಕರೆಂಟು ಕೊಡಲಾರವು ಎಂದಾಯಿತು. ಮೋಟಾರಿಲ್ಲದ ಬೋಗಿಗಳನ್ನು ನಡುವೆ ಸೇರಿಸಬೇಕಾಯಿತು. 103 ಸರಣಿಯನ್ನು ಆ ಮಿತಿ ಒಪ್ಪಿಕೊಂಡೇ ರೂಪಿಸಿದರು: 110 ಕಿಲೋವ್ಯಾಟಿನ ಮೋಟಾರು, 6.07ರ ಗೇರ್ ಅನುಪಾತ. ಟೋಕಿಯೊದ ಯಾಮಾನೊತೆಯಂತಹ, ಹೆಜ್ಜೆಗೊಂದು ನಿಲ್ದಾಣವಿರುವ ಮಾರ್ಗಕ್ಕೆ ಹೇಳಿಮಾಡಿಸಿದ್ದು. ಚೂಓ ಕ್ಷಿಪ್ರ ಮಾರ್ಗ ಹಾಗಲ್ಲ. ಟೋಕಿಯೊದಿಂದ ತಕಾಓವರೆಗೆ 53.1 ಕಿ.ಮೀ., ನಿಲ್ದಾಣಗಳ ನಡುವೆ ಅಂತರ ಹೆಚ್ಚು, ವೇಗವೂ ಹೆಚ್ಚು. ಹಳೆಯದಾಗುತ್ತಿದ್ದ 101ರ ಜಾಗಕ್ಕೆ ಅಲ್ಲಿ ಬೇರೆಯದೇ ರೈಲು ಬೇಕಿತ್ತು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂದು ವಿದ್ಯುತ್ತಿನ ಬೆಲೆ ಏರಿತ್ತು.

ದಾರಿ ತೋರಿಸಿದ್ದು ಸುರಂಗ ರೈಲು. ಟೋಕಿಯೊದ ಸುರಂಗ ಸಂಸ್ಥೆ ‘ಎಯ್ದಾನ್’ಗೆ ರೆಸಿಸ್ಟರಿನ ಬಿಸಿಯೇ ದೊಡ್ಡ ತಲೆನೋವು, ನೆಲದಡಿಯಲ್ಲಿ ಆ ಕಾವು ಹೊರಹೋಗಲು ಜಾಗವಿಲ್ಲ. 1971ರಲ್ಲಿ ಅವರ ಚಿಯೋದಾ ಮಾರ್ಗದಲ್ಲಿ ಓಡತೊಡಗಿದ 6000 ಸರಣಿಯಲ್ಲಿ ರೆಸಿಸ್ಟರಿನ ಬದಲು ‘ಚಾಪರ್’ ಇತ್ತು. ಅದೇ ಮಾರ್ಗಕ್ಕೆ ಕೊಕುತೆತ್ಸುವಿನ 103 ಸರಣಿಯ ರೈಲುಗಳೂ ನುಗ್ಗಿ ಬರುತ್ತಿದ್ದವು, ತಮ್ಮ ರೆಸಿಸ್ಟರುಗಳ ಕಾವನ್ನು ಹೊತ್ತುಕೊಂಡೇ.

ಚಾಪರ್ ಎಂದರೆ ಕತ್ತರಿಸುವುದು. ವೋಲ್ಟೇಜನ್ನು ತಗ್ಗಿಸಲು ಅದನ್ನು ಸುಡುವ ಬದಲು, ಸ್ವಿಚ್ಚನ್ನು ಸೆಕೆಂಡಿಗೆ ನೂರಾರು ಸಲ ಹಾಕಿ-ತೆಗೆದು ಮಾಡುವುದು. ಹತ್ತರಲ್ಲಿ ಒಂದು ಪಾಲು ಸಮಯ ಮಾತ್ರ ಹಾಕಿದ್ದರೆ 1500 ವೋಲ್ಟು ಸರಾಸರಿಯಲ್ಲಿ 150 ಆಗುತ್ತದೆ. ಅರ್ಧ ಸಮಯ ಹಾಕಿದ್ದರೆ 750. ಸ್ವಿಚ್ಚು ತೆಗೆದ ಕ್ಷಣದಲ್ಲಿ ಮೋಟಾರಿನ ಕರೆಂಟು ಕಡಿದುಹೋಗದಂತೆ ನೋಡಿಕೊಳ್ಳಲು ಎರಡು ವಸ್ತು ಬೇಕು. ಒಂದು, ದಪ್ಪ ತಂತಿಯ ಸುರುಳಿ, ಅಂದರೆ ರಿಯಾಕ್ಟರ್. ಅದು ಕರೆಂಟು ಹಠಾತ್ತನೆ ಬದಲಾಗಲು ಬಿಡುವುದಿಲ್ಲ. ಇನ್ನೊಂದು, ಆ ಕರೆಂಟು ಸುತ್ತಿ ಬರಲು ಅಡ್ಡದಾರಿ ಮಾಡಿಕೊಡುವ ಡಯೋಡು. ಮೇಲಿನ ತಂತಿಯ ಕಡೆಗೂ ಇನ್ನೊಂದು ರಿಯಾಕ್ಟರ್ ಮತ್ತು ಕೆಪಾಸಿಟರಿನ ಜೋಡಿ ಇರಲೇಬೇಕು, ಇಲ್ಲವಾದರೆ ಕತ್ತರಿಸಿದ ಕರೆಂಟಿನ ಕಂಪನ ತಂತಿಗೂ ಹಳಿಗೂ ಹಬ್ಬುತ್ತದೆ. 201 ಹೊರಡುವಾಗ ನೆಲದಡಿಯಿಂದ ಕೇಳುತ್ತಿದ್ದ ‘ಗೂಂ’ ಎನ್ನುವ ಸದ್ದು ಈ ಕತ್ತರಿಕೆಯದೇ.

ಸ್ವಿಚ್ಚಿನ ಕೆಲಸ ಮಾಡುತ್ತಿದ್ದದ್ದು ಥೈರಿಸ್ಟರ್, ಅಂದರೆ ಅಲುಗಾಡುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚು. ಅಂದಿನ ಥೈರಿಸ್ಟರಿಗೆ ಒಂದು ದೊಡ್ಡ ಮಿತಿಯಿತ್ತು: ಸಣ್ಣ ಸಂಕೇತ ಕೊಟ್ಟರೆ ಬಾಗಿಲಿನಂತೆ ತೆರೆದುಕೊಂಡು ಕರೆಂಟನ್ನು ಬಿಡುತ್ತದೆ, ಆದರೆ ಸಂಕೇತ ಕೊಟ್ಟು ಮುಚ್ಚಲಾಗದು. ಅದರೊಳಗೆ ಹರಿಯುವ ಕರೆಂಟು ತಾನಾಗಿ ಸೊನ್ನೆಗೆ ಬಂದಾಗ ಮಾತ್ರ ಮುಚ್ಚುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ದಾಟುವುದರಿಂದ ಅಲ್ಲಿ ತೊಂದರೆಯಿಲ್ಲ. ಡಿಸಿಯಲ್ಲಿ ಸೊನ್ನೆ ಬರುವುದೇ ಇಲ್ಲ. ಹಾಗಾಗಿ ಪಕ್ಕದಲ್ಲೊಂದು ಕೆಪಾಸಿಟರನ್ನು ಚಾರ್ಜು ಮಾಡಿಟ್ಟುಕೊಂಡು, ಮುಚ್ಚಬೇಕಾದ ಗಳಿಗೆಗೆ ಅದರ ಕರೆಂಟನ್ನು ಥೈರಿಸ್ಟರಿಗೆ ಎದುರಾಗಿ ನುಗ್ಗಿಸಿ, ಬಲವಂತವಾಗಿ ಸೊನ್ನೆ ಮಾಡಬೇಕು. ಇದಕ್ಕೆ ಬೇರೆ ಥೈರಿಸ್ಟರ್, ಬೇರೆ ಸುರುಳಿ, ಬೇರೆ ನಿಯಂತ್ರಣ. ಒಂದೇ ಒಂದು ಸಲ ಆ ಎದುರೇಟು ಸಾಲದೆ ಹೋದರೆ ಥೈರಿಸ್ಟರ್ ತೆರೆದೇ ಉಳಿಯುತ್ತದೆ. ಪೂರ್ತಿ 1500 ವೋಲ್ಟು ಮೋಟಾರಿನ ಮೇಲೆ ಬಿದ್ದು ಕರೆಂಟು ಏರಿಬಿಡುತ್ತದೆ. ಆಗ ಮುಖ್ಯ ಸರ್ಕ್ಯೂಟ್ ಬ್ರೇಕರು ಕ್ಷಣದಲ್ಲಿ ಬಿದ್ದು ಕರೆಂಟನ್ನು ಕಡಿಯಬೇಕು. ಚಾಪರಿನ ಬೆಲೆ, ತೂಕ, ಎಚ್ಚರಿಕೆ ಎಲ್ಲ ಹೆಚ್ಚಾದದ್ದು ಈ ‘ಮುಚ್ಚುವ’ ಕೆಲಸದಿಂದ.

ಇನ್ನು ಬ್ರೇಕು. ಇಲ್ಲಿದೆ 201ರ ನಿಜವಾದ ಕೌಶಲ. ನಿಧಾನವಾಗುತ್ತಿರುವ ರೈಲಿನ ಮೋಟಾರು ಹುಟ್ಟಿಸುವ ವೋಲ್ಟೇಜು ಬಹುಪಾಲು 1500ಕ್ಕಿಂತ ಕಡಿಮೆ. ತಗ್ಗಿನಿಂದ ದಿಬ್ಬಕ್ಕೆ ನೀರು ಹರಿಯುವುದಿಲ್ಲವಲ್ಲ, ಹಾಗೆಯೇ ಈ ಕರೆಂಟು ತಾನಾಗಿ ತಂತಿಗೆ ಏರದು. ಚಾಪರ್ ಹೀಗೆ ಮಾಡುತ್ತದೆ: ಮೋಟಾರಿನ ಎರಡು ತುದಿಗಳನ್ನು ರಿಯಾಕ್ಟರಿನ ಮೂಲಕ ಒಂದು ಕ್ಷಣ ನೇರವಾಗಿ ಸೇರಿಸುತ್ತದೆ, ಕರೆಂಟು ಜೋರಾಗುತ್ತದೆ, ತಟ್ಟನೆ ಬಿಡಿಸುತ್ತದೆ. ರಿಯಾಕ್ಟರ್ ಕರೆಂಟನ್ನು ನಿಲ್ಲಿಸಲು ಒಪ್ಪದೆ ವೋಲ್ಟೇಜನ್ನು ಮೇಲಕ್ಕೆ ನೂಕಿ, ಅದನ್ನು ತಂತಿಗೆ ಹತ್ತಿಸುತ್ತದೆ. ಹಳ್ಳದ ನೀರಿನ ರಭಸವನ್ನು ತಟ್ಟನೆ ತಡೆದು, ಅದೇ ರಭಸದಿಂದ ಸ್ವಲ್ಪ ನೀರನ್ನು ಗುಡ್ಡಕ್ಕೆ ಏರಿಸುವ ಹೈಡ್ರಾಮ್ ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ತತ್ವ ಎರಡರಲ್ಲೂ ಒಂದೇ. ಹೀಗೆ ತಂತಿಗೆ ಹತ್ತಿದ ಕರೆಂಟನ್ನು ಹತ್ತಿರದಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಬಳಸಿಕೊಳ್ಳುತ್ತದೆ.

ಬಳಸಿಕೊಳ್ಳಲು ಯಾರೂ ಇಲ್ಲದಿದ್ದರೆ? ಸಬ್‌ಸ್ಟೇಷನ್ನಿನಲ್ಲಿ ಎಸಿಯನ್ನು ಡಿಸಿ ಮಾಡುವ ಡಯೋಡುಗಳು ಒಮ್ಮುಖ ಬಾಗಿಲು. ಕರೆಂಟು ಹಿಂದಕ್ಕೆ ವಿದ್ಯುತ್ ಜಾಲಕ್ಕೆ ಹೋಗದು. ತಂತಿಯ ವೋಲ್ಟೇಜು ಏರುತ್ತಾ ಹೋಗಿ ಮಿತಿ ದಾಟಿದಾಗ ಚಾಪರ್ ಕೈಬಿಡುತ್ತದೆ. ಜಪಾನೀ ರೈಲ್ವೆಯವರು ಇದನ್ನು ‘ಕೈಸೇ ಶಿಕ್ಕೋ’ ಅನ್ನುತ್ತಾರೆ, ಅಂದರೆ ಮರಳಿಸುವ ಬ್ರೇಕು ಕೈಕೊಟ್ಟಿತು ಎಂದು. ಗಾಳಿ ಬ್ರೇಕು ಆ ಕೂಡಲೇ ಭಾರ ಹೊರಬೇಕು. ರೈಲುಗಳು ವಿರಳವಾಗುವ ರಾತ್ರಿ ಹೊತ್ತಿನಲ್ಲಿ, ಮಾರ್ಗದ ತುದಿಗಳಲ್ಲಿ ಇದು ಹೆಚ್ಚು. ಆದ್ದರಿಂದಲೇ ಇಂಥ ರೈಲಿನ ಉಳಿತಾಯ ಬರೀ ರೈಲಿನ ಗುಣವಲ್ಲ. ದಟ್ಟಣೆಯ ಮಾರ್ಗದಲ್ಲಿ ಒಂದು, ವಿರಳ ಮಾರ್ಗದಲ್ಲಿ ಇನ್ನೊಂದು.

ವೇಗ ತೀರಾ ಹೆಚ್ಚಿದ್ದಾಗ ಉಲ್ಟಾ ತೊಂದರೆ. 201ರ ಮೋಟಾರು 150 ಕಿಲೋವ್ಯಾಟಿನದು, 375 ವೋಲ್ಟಿನದು. ನಾಲ್ಕನ್ನು ಸಾಲಾಗಿ ಜೋಡಿಸಿದರೆ ಸರಿಯಾಗಿ 1500. ಜೋರಾಗಿ ಓಡುವಾಗ ಬ್ರೇಕು ಹಾಕಿದರೆ ನಾಲ್ಕೂ ಸೇರಿ ಹುಟ್ಟಿಸುವ ವೋಲ್ಟೇಜು ತಂತಿಯದನ್ನೇ ಮೀರಬಹುದು. ಏರಿಸಿ ಕೊಡುವ ಯಂತ್ರಕ್ಕೆ ಆಗಲೇ ಮೇಲಿರುವುದನ್ನು ಹಿಡಿಯಲು ಬರುವುದಿಲ್ಲ. ಹಾಗಾಗಿ ಅತಿ ವೇಗದಲ್ಲಿ ವಿದ್ಯುತ್ ಬ್ರೇಕನ್ನು ಹತೋಟಿಯಲ್ಲಿಟ್ಟು, ಕೊರತೆಯನ್ನು ಗಾಳಿ ಬ್ರೇಕಿನಿಂದ ತುಂಬಬೇಕು. ಶಕ್ತಿ ಅತಿ ಹೆಚ್ಚಿರುವ ವೇಗದಲ್ಲೇ ಮರಳುವ ಪಾಲು ಕಡಿಮೆಯಾಗುತ್ತದೆ ಅನ್ನುವುದು ಚಾಪರಿನ ಮೂಲಭೂತ ಕೊರತೆ. ಮೂರನೆಯ ತೊಂದರೆ ಸಿಗ್ನಲಿನದು. ರೈಲು ಎಲ್ಲಿದೆ ಎಂದು ತಿಳಿಯಲು ಹಳಿಗಳಲ್ಲೇ ಸಣ್ಣ ಸಂಕೇತ ಹರಿಸಿರುತ್ತಾರೆ. ಮೋಟಾರಿನ ಕರೆಂಟು ಮರಳುವುದೂ ಅದೇ ಹಳಿಯಲ್ಲಿ. ಕತ್ತರಿಸುವ ಆವರ್ತನ ಆ ಸಂಕೇತದ ಆವರ್ತನಕ್ಕೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದು ಚಾಪರ್ ರೂಪಿಸುವವರ ಮೊದಲ ಕರ್ತವ್ಯ.

ಈಗ ಲೆಕ್ಕಕ್ಕೆ ಬರೋಣ. ಚಾಪರಿನಿಂದ ಎರಡು ಉಳಿತಾಯ: ಹೊರಡುವಾಗ ರೆಸಿಸ್ಟರ್ ಸುಡುವುದಿಲ್ಲ, ನಿಲ್ಲುವಾಗ ಕರೆಂಟು ಮರಳುತ್ತದೆ. ಎರಡೂ ಸಮನಲ್ಲ. ರೆಸಿಸ್ಟರ್ ಕೆಲಸ ಮಾಡುವುದು ಹೊರಟ ಆರಂಭದಲ್ಲಿ ಮಾತ್ರ; ಗಂಟೆಗೆ 36 ಕಿ.ಮೀ. ತನಕ ಅಂದುಕೊಳ್ಳೋಣ. ಆ ವೇಗದಲ್ಲಿ ನಮ್ಮ 400 ಟನ್ನಿನ ರೈಲಿನ ಚಲನಶಕ್ತಿ 20 ಮೆಗಾಜೂಲ್. ಮೋಟಾರುಗಳನ್ನು ಮೊದಲು ಸಾಲಾಗಿ, ಆಮೇಲೆ ಸಮಾಂತರವಾಗಿ ಜೋಡಿಸುವ ರೂಢಿಯ ಕ್ರಮದಲ್ಲಿ, ತೆಗೆದುಕೊಂಡ ಶಕ್ತಿಯ ಮೂರನೇ ಒಂದು ಪಾಲು ರೆಸಿಸ್ಟರಿಗೆ ಹೋಗುತ್ತದೆ. ಅಂದರೆ 20 ಮೆಗಾಜೂಲ್ ಗಳಿಸಲು 10 ಮೆಗಾಜೂಲ್ ನಷ್ಟ. ಅದೇ ರೈಲು 90 ಕಿ.ಮೀ. ವೇಗದಿಂದ ನಿಲ್ಲುವಾಗ ಕೈಗೆ ಸಿಗಬಹುದಾದ ಶಕ್ತಿ 125 ಮೆಗಾಜೂಲ್. ಅದರಲ್ಲಿ ಮೂರನೇ ಒಂದು ಪಾಲು ಮರಳಿದರೂ 40ಕ್ಕೂ ಹೆಚ್ಚು. ಹತ್ತು ಎಲ್ಲಿ, ನಲವತ್ತು ಎಲ್ಲಿ! ಚಾಪರಿನ ಹೆಸರು ಕೇಳಿದಾಗ ‘ರೆಸಿಸ್ಟರ್ ಇಲ್ಲದ ರೈಲು’ ಎಂದು ಹೊಗಳುವುದು ರೂಢಿ, ಆದರೆ ಉಳಿತಾಯದ ದೊಡ್ಡ ಗಂಟು ಇರುವುದು ಬ್ರೇಕಿನಲ್ಲಿ. ಈ ಒಂದು ಅಂಶ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಇತಿಹಾಸವೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ರೈಲಿನ ರಚನೆಯನ್ನೂ ಸ್ವಲ್ಪ ನೋಡಬೇಕು. ಜಪಾನಿನಲ್ಲಿ ಬೋಗಿಯ ಹೆಸರೇ ಅದರ ಜಾತಕ ಹೇಳುತ್ತದೆ: ‘ಕು’ ಎಂದರೆ ಚಾಲಕನ ಕೋಣೆ ಇರುವುದು, ‘ಮೊ’ ಎಂದರೆ ಮೋಟಾರಿರುವುದು, ‘ಸಾ’ ಎಂದರೆ ಎರಡೂ ಇಲ್ಲದ್ದು, ‘ಹಾ’ ಎಂದರೆ ಸಾಮಾನ್ಯ ದರ್ಜೆ. 201ರಲ್ಲಿ ಮೊಹಾ 201 ಮತ್ತು ಮೊಹಾ 200 ಜೋಡಿ ಬೋಗಿಗಳು. ಮೇಲಿನ ತಂತಿಯಿಂದ ಕರೆಂಟು ಹಿಡಿಯುವ ಪ್ಯಾಂಟೋಗ್ರಾಫ್ ಮತ್ತು ಚಾಪರ್ ಮೊದಲನೆಯದರಲ್ಲಿ. ಒಂದು ಚಾಪರ್ ಎರಡು ಬೋಗಿಯ ಎಂಟು ಮೋಟಾರನ್ನು ನಡೆಸುತ್ತಿತ್ತು. ಚೂಓ ಮಾರ್ಗದ ಹತ್ತು ಬೋಗಿಯಲ್ಲಿ ಆರಕ್ಕೆ ಮೋಟಾರು, ಅಂದರೆ 24 ಮೋಟಾರು, ಒಟ್ಟು 3600 ಕಿಲೋವ್ಯಾಟ್. ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಬೋಗಿಯ ಉದ್ದ 20 ಮೀಟರ್, ಒಂದೊಂದು ಬದಿಗೆ ನಾಲ್ಕು ಬಾಗಿಲು, ಪ್ರತಿ ಬಾಗಿಲು 1.3 ಮೀಟರ್ ಅಗಲ. ಒಡಲು ಉಕ್ಕಿನದು, ಮೇಲೆ ಬಣ್ಣ: ಚೂಓ ಕ್ಷಿಪ್ರಕ್ಕೆ ಕಿತ್ತಳೆ, 1982ರಿಂದ ಚೂಓ-ಸೋಬು ಲೋಕಲ್‌ಗೆ ಹಳದಿ, 1983ರಿಂದ ಕ್ಯೋಟೊ-ಒಸಾಕಾ-ಕೋಬೆ ಕಡೆಯ ಲೋಕಲ್‌ಗೆ ಆಕಾಶನೀಲಿ. ಮುಖದ ಮೇಲೆ ಕಪ್ಪು ಪಟ್ಟಿ, ಅದರಲ್ಲಿ ಎಡಬಲ ಸಮವಲ್ಲದ ಕಿಟಕಿಗಳು. ಆರಂಭದ ದಿನಗಳಲ್ಲಿ ಮುಂದುಗಡೆ ‘ಶೋಎನೆ ದೆನ್‌ಶಾ’, ಅಂದರೆ ವಿದ್ಯುತ್ ಉಳಿಸುವ ರೈಲು, ಎಂದು ಬರೆದ ಫಲಕವನ್ನೂ ಹಚ್ಚಿದ್ದರು.

ಒಳಗೆ ಒಂದು ಸಣ್ಣ ಸಂಗತಿ ಚಾಪರಿನಷ್ಟೇ ದೂರ ಹೋಯಿತು. ಎರಡು ಬಾಗಿಲುಗಳ ನಡುವೆ ಗೋಡೆಗಂಟಿದ ಉದ್ದನೆಯ ಸೀಟು, ಸುಮಾರು 3 ಮೀಟರ್, ಏಳು ಜನರಿಗೆಂದು. ಜನ ಆರಾಮವಾಗಿ ಆರೇ ಮಂದಿ ಕೂತುಬಿಡುತ್ತಿದ್ದರು. 201ರಲ್ಲಿ ಸೀಟಿನ ನಟ್ಟನಡುವಿನ, ಅಂದರೆ ನಾಲ್ಕನೆಯ, ಒಬ್ಬರ ಜಾಗಕ್ಕೆ ಮಾತ್ರ ಬೇರೆ ಬಣ್ಣದ ಬಟ್ಟೆ ಹೊದಿಸಿದರು. ಆ ಬಣ್ಣದ ಮೇಲೆ ಒಬ್ಬರು ಕೂತರೆ ಎಡಕ್ಕೆ ಮೂವರು, ಬಲಕ್ಕೆ ಮೂವರು ತಾವಾಗಿ ಹೊಂದಿಕೊಳ್ಳುತ್ತಾರೆ. ಹಲಗೆ ಅಡ್ಡವಿಲ್ಲ, ಸೂಚನೆಯಿಲ್ಲ, ಗದರುವುದಿಲ್ಲ, ಬಟ್ಟೆಯ ಬಣ್ಣವೊಂದೇ. ಸಾರ್ವಜನಿಕ ಸೌಕರ್ಯವನ್ನು ರೂಪಿಸುವವರು ಕಲಿಯಬೇಕಾದ ನಾಜೂಕು ಇದು.

ಬೆಲೆಯ ಮಾತಿಗೆ ಬಂದರೆ, ಕೊಕುತೆತ್ಸು ಆಗ ಸಾಲದಲ್ಲಿ ಮುಳುಗುತ್ತಿತ್ತು. 1987ರ ಏಪ್ರಿಲ್ 1ರಂದು ಅದನ್ನು ಒಡೆದು ಖಾಸಗಿ ಕಂಪನಿಗಳನ್ನಾಗಿ ಮಾಡುವ ಹೊತ್ತಿಗೆ ಸಾಲ ಸುಮಾರು 37 ಲಕ್ಷ ಕೋಟಿ ಯೆನ್. ಅಂಥ ಸ್ಥಿತಿಯಲ್ಲಿ ಒಂದೊಂದು ಜೋಡಿ ಬೋಗಿಗೂ ದುಬಾರಿ ಚಾಪರ್ ಹಾಕಿಸುವುದು ಕಷ್ಟ. 1983ರ ನಂತರದ ಬೋಗಿಗಳಲ್ಲಿ ಕಿಟಕಿ, ಒಳಾಂಗಣ ಸರಳಗೊಳಿಸಿ ಖರ್ಚು ತಗ್ಗಿಸಿದರು. ಅದು ಅಂಚಿನ ಉಳಿತಾಯ. ಖರ್ಚಿನ ಬೇರು ಚಾಪರಿನಲ್ಲೇ ಇತ್ತು.

1985ರಲ್ಲಿ ಯಾಮಾನೊತೆ ಮಾರ್ಗಕ್ಕೆ ಬಂದ 205 ಸರಣಿ ಆ ಬೇರಿಗೇ ಕೈಹಾಕಿತು. ಮೇಲಿನ ಲೆಕ್ಕವನ್ನು ನೆನಪಿಡಿ: ಹತ್ತು ಬಿಡಬಹುದು, ನಲವತ್ತು ಬಿಡಬಾರದು. 205ರಲ್ಲಿ ಹೊರಡುವಾಗಿನ ರೆಸಿಸ್ಟರ್ ಹಾಗೇ ಉಳಿಯಿತು. ಬ್ರೇಕಿಗೆ ಮಾತ್ರ ಹೊಸ ಉಪಾಯ. ಈ ರೈಲುಗಳಲ್ಲಿರುವ ‘ಸೀರೀಸ್’ ಮೋಟಾರಿನಲ್ಲಿ ತಿರುಗುವ ಭಾಗಕ್ಕೂ ಕಾಂತ ಹುಟ್ಟಿಸುವ ಸುರುಳಿಗೂ ಒಂದೇ ಕರೆಂಟು ಹರಿಯುತ್ತದೆ. ಹಾಗಾಗಿ ಹುಟ್ಟುವ ವೋಲ್ಟೇಜನ್ನು ಬೇಕಾದಂತೆ ತಿದ್ದಲು ಬರುವುದಿಲ್ಲ. 205ರಲ್ಲಿ ದೀಪ, ಫ್ಯಾನಿಗೆ ಕರೆಂಟು ಕೊಡುವ ಸಹಾಯಕ ಯಂತ್ರದಿಂದಲೇ ಒಂದಿಷ್ಟು ಕರೆಂಟನ್ನು ಆ ಕಾಂತದ ಸುರುಳಿಗೆ ಮಾತ್ರ ಬೇರೆಯಾಗಿ ಸೇರಿಸಿದರು. ಕಾಂತವನ್ನು ಹೆಚ್ಚು ಮಾಡಿದರೆ ವೋಲ್ಟೇಜು ಹೆಚ್ಚು, ತಗ್ಗಿಸಿದರೆ ಕಡಿಮೆ. ಈ ಸಣ್ಣ ಕರೆಂಟಿನ ಮೂಲ ಎಸಿಯಾದ್ದರಿಂದ ಥೈರಿಸ್ಟರುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಬಲವಂತದ ಎದುರೇಟು ಬೇಡ. ಅತಿ ವೇಗದಲ್ಲೂ ಕಾಂತ ತಗ್ಗಿಸಿ ಕರೆಂಟು ಮರಳಿಸಬಹುದು, ಚಾಪರ್ ಸೋಲುತ್ತಿದ್ದ ಜಾಗದಲ್ಲೇ. ವೇಗ ತಗ್ಗಿದಾಗ ಇದು ಚಾಪರಿಗಿಂತ ಮೊದಲೇ ಕೈಬಿಡುತ್ತದೆ, ನಿಜ. ಆದರೆ ಆ ವೇಗದಲ್ಲಿ ಉಳಿದಿರುವ ಶಕ್ತಿಯೇ ಅಲ್ಪ. ಜೊತೆಗೆ ಸ್ಟೇನ್‌ಲೆಸ್ ಒಡಲು: ಹಗುರ, ಬಣ್ಣ ಬೇಡ, ತುಕ್ಕಿಲ್ಲ. 201ರ ತಯಾರಿಕೆ ಅದೇ ವರ್ಷ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಇದನ್ನು 201ರ ಸೋಲು ಎನ್ನಲು ನಾನು ಒಪ್ಪುವುದಿಲ್ಲ. ಕರೆಂಟು ಮರಳಿಸುವ ರೈಲನ್ನು ನೂರಾರು ಬೋಗಿಗಳಲ್ಲಿ ದಿನವೂ ಓಡಿಸಿ ತೋರಿಸಿದ್ದು ಅದು. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ ಎಂದು ತಿಳಿದದ್ದು ಆ ಓಡಾಟದಿಂದ.

ಕಟ್ಟಿದ 201ಗಳು ಮಾತ್ರ ದೀರ್ಘಕಾಲ ದುಡಿದವು. ಅವುಗಳನ್ನು ಕಡೆಗೆ ಹಿಂದೆ ಸರಿಸಿದ್ದು ಎಸಿ ಮೋಟಾರು. ಡಿಸಿ ಮೋಟಾರಿನಲ್ಲಿ ತಿರುಗುವ ತಾಮ್ರದ ಕಮ್ಯುಟೇಟರಿಗೆ ಕಾರ್ಬನ್ ಬ್ರಷ್ ಸದಾ ಉಜ್ಜುತ್ತಿರುತ್ತದೆ. ಬ್ರಷ್ ಸವೆದಿದೆಯೇ ಎಂದು ಅಳೆಯಬೇಕು, ಬದಲಿಸಬೇಕು, ಕಾರ್ಬನ್ ಪುಡಿಯನ್ನು ಊದಿ ತೆಗೆಯಬೇಕು, ತಾಮ್ರದ ಮೈ ಒರಟಾದರೆ ಕಡೆದು ನಯ ಮಾಡಬೇಕು. ಪುಡಿ ಕೂತಲ್ಲಿ ಕಿಡಿ ಹಾರಿ ಒಂದು ಬ್ರಷ್ಷಿನಿಂದ ಇನ್ನೊಂದಕ್ಕೆ ಬೆಂಕಿಯ ಸುತ್ತು ಕಟ್ಟಬಹುದು. ಎಸಿ ಮೋಟಾರಿಗೆ ಬ್ರಷ್ಷೇ ಇಲ್ಲ. ಅದಕ್ಕೆ ಬೇಕಾದ, ಡಿಸಿಯನ್ನು ಎಸಿ ಮಾಡುವ ಇನ್ವರ್ಟರು ಅಗ್ಗವಾದ ಮೇಲೆ, ಬೆಂಗಳೂರಿನ ನಮ್ಮ ಮೆಟ್ರೊ ಸೇರಿದಂತೆ ಎಲ್ಲ ಹೊಸ ರೈಲುಗಳೂ ಆ ದಾರಿ ಹಿಡಿದವು.

ಟೋಕಿಯೊದ ಹಳದಿ 201ಗಳನ್ನು 2000ದಿಂದ ಇ231 ಸರಣಿ ಬದಲಿಸಿತು. ಕೆಲವು ಆಕಾಶನೀಲಿ ಬಳಿದುಕೊಂಡು ಸಮುದ್ರತೀರದ ಕೇಯೋ ಮಾರ್ಗಕ್ಕೆ ಹೋಗಿ 2011ರ ಜೂನ್‌ವರೆಗೆ ಓಡಿದವು. ಚೂಓ ಮಾರ್ಗಕ್ಕೆ 2006ರ ಡಿಸೆಂಬರ್ 26ರಂದು ಇ233 ಬಂತು. ಆಮೇಲೂ ಕೆಲವು ಕಿತ್ತಳೆ ರೈಲುಗಳು ಉಳಿದದ್ದು, ಮಿತಾಕಾ-ತಾಚಿಕಾವಾ ನಡುವೆ ಹಳಿಗಳನ್ನು ಮೇಲ್ಸೇತುವೆಗೆ ಏರಿಸುವ ಕಾಮಗಾರಿಗೆ ಹೆಚ್ಚುವರಿ ರೈಲು ಬೇಕಿದ್ದರಿಂದ. 2010ರ ಅಕ್ಟೋಬರ್ 17ರಂದು ಕೊನೆಯದು ಮತ್ಸುಮೊತೊವರೆಗೆ ವಿದಾಯದ ಓಟ ಓಡಿತು. ಪಶ್ಚಿಮದಲ್ಲಿ ಆಯುಸ್ಸು ಇನ್ನೂ ಗಟ್ಟಿ. ಕೊಕುತೆತ್ಸುವನ್ನು ಒಡೆದಾಗ ಹುಟ್ಟಿದ ಜೆಆರ್ ವೆಸ್ಟ್ ಕಂಪನಿ ಒಡಲು, ಕಿಟಕಿಗಳನ್ನು ದುರಸ್ತಿ ಮಾಡಿಸಿ ಒಸಾಕಾ ವರ್ತುಲ ಮಾರ್ಗದಲ್ಲಿ 2019ರ ಜೂನ್‌ವರೆಗೆ, ನಾರಾ ಕಡೆಯ ಯಾಮಾತೊಜಿ ಮಾರ್ಗದಲ್ಲಿ ತಿಳಿಹಸಿರು ಬಣ್ಣದಲ್ಲಿ 2025ರ ಮಾರ್ಚ್‌ವರೆಗೆ ಓಡಿಸಿತು.

ಚಿಯೋದಾ ಸುರಂಗಕ್ಕೆಂದು 1982ರಲ್ಲಿ ಬಂದ ಇದರ ಅಲ್ಯುಮಿನಿಯಂ ಒಡಲಿನ ತಂಗಿ, 203 ಸರಣಿ, ನಿವೃತ್ತಿಯ ನಂತರ ಜಕಾರ್ತಾ ಮತ್ತು ಮನಿಲಾ ಸೇರಿತು. ಮನಿಲಾದ ಆ ಹಳಿಗಳ ಮೇಲೆ ವಿದ್ಯುತ್ ತಂತಿಯಿಲ್ಲ. ಡೀಸೆಲ್ ಎಂಜಿನ್ನು ಮುಂದೆ ನಿಂತು ಎಳೆಯಿತು. ಮಾದರಿ ರೈಲಿನ ನಂತರ ಪೂರ್ಣ ಪ್ರಮಾಣದಲ್ಲಿ ಕಟ್ಟಿದ 201ರ ಮೊದಲ ಸಂಖ್ಯೆಯ ಬೋಗಿ ಕುಹಾ 201-1 ಟೋಕಿಯೊದ ಪಶ್ಚಿಮದ ತೊಯೊದಾ ಡಿಪೋದಲ್ಲಿ ಕಿತ್ತಳೆ ಬಣ್ಣದಲ್ಲೇ ಉಳಿದಿದೆ. ಹೆಸರೇ ಹೇಳುವಂತೆ ಅದು ಚಾಲಕನ ಕೋಣೆಯ ಬೋಗಿ. ಅದರ ಅಡಿಯಲ್ಲಿ ಮೋಟಾರಿಲ್ಲ, ಚಾಪರೂ ಇಲ್ಲ.